ಒಂದು ಮೊಳ

ಡಾಂಬರಿಗೆ ಉಜ್ಜಿದರೆ ಜಾರುಬಂಡಿಯ ಅಡಿಮರ ಸವೆಯುತ್ತದೆ.
ಅದಕ್ಕೇ ಯಮಾಲಿನ ಈ ರಸ್ತೆಗಡ್ಡ
ಗ್ಯಾಸ್ ಕಂಪನಿ ಬಿಸಾಡಿದ ಬಿಳಿ ಬಟ್ಟೆಯ ಸುರುಳಿ
ಬಿಚ್ಚಿ ಹಾಸುತ್ತಾಳೆ ಖಾದ್ನೆ.
ರಸ್ತೆ ಅಗಲವಾಗಿದೆ. ಈ ಸಲ
ಒಂದು ಮೊಳ ಸಾಲಲಿಲ್ಲ.
ತಲೆಯ ಶಾಲು ಬಿಚ್ಚಿ ಅಲ್ಲಿಗೆ ಹಾಕಿದಳು.

ಎರಡೂ ಕಡೆ ಲಾರಿಗಳು.
ಚಾಲಕನೊಬ್ಬ ಇಳಿದು ಹಿಮಸಾರಂಗ ಎಣಿಸುತ್ತಾನೆ,
ನಾನೂರರ ಹತ್ತಿರ ತಪ್ಪಿ
ಮತ್ತೆ ಒಂದರಿಂದ.

ಅವಳು ಎಣಿಸುವುದಿಲ್ಲ.
ಇಲ್ಲದವು ಯಾವುವೆಂದು ಗೊತ್ತು:
ಹಿಮದ ಮೇಲೆ ಮಳೆ ಸುರಿದು ಕಲ್ಲಾದ ಚಳಿಗಾಲದಲ್ಲಿ
ಗೊರಸಿಗೆ ಪಾಚಿ ಎಟುಕದೆ
ಮಲಗಿದಲ್ಲೇ ಉಳಿದವು.

ನಾಯಿ ಕೊಳವೆಗೆ ಕಿವಿಗೊಟ್ಟು ನಿಂತಿದೆ.
ಒಳಗೂ ಏನೋ ವಲಸೆ ಹೊರಟಿದೆ,
ದಕ್ಷಿಣಕ್ಕೆ,
ಹಿಂದಿರುಗುವ ಮಾತಿಲ್ಲದೆ.

ಕೊನೆಯ ಬಂಡಿ ದಾಟಿತು.
ಹಾರ್ನ್.
ಶಾಲು ಕೊಡವಿ ಕಟ್ಟಿಕೊಂಡಳು.
ಸಂಜೆವರೆಗೂ ಕಿವಿಯ ಹಿಂದೆ
ಸಣ್ಣ ಜಲ್ಲಿ ಚುಚ್ಚುತ್ತಿತ್ತು.