ನಾಲ್ಕನೆಯ ಡಿಸ್ಕು

ಕುತಾಯಿಸಿಯ ಮೀನುಪೇಟೆಯ ಹಿಂದೆ
ಮೆಟ್ಟಿಲ ಕೆಳಗೊಂದು ಗೂಡು, ಅದೇ ನನ್ನ ಅಂಗಡಿ.
ಮದುವೆ, ದೀಕ್ಷಾಸ್ನಾನ, ಶಾಲೆಯ ಕುಣಿತ,
ಏನು ತಂದರೂ ಡಿಸ್ಕಿಗೆ ಸುಟ್ಟು ಕೊಡುತ್ತೇನೆ.
ಸುಡುವುದೆಂದರೆ ಬೂದಿ ಮಾಡುವುದಲ್ಲ ಅಂತ
ಎಷ್ಟು ಹೇಳಿದರೂ, ಡ್ರೈವಿನ ನಾಲಿಗೆ ಒಳಗೆ ಹೋಗುವಾಗ
ಮುದುಕಿಯರು ಎದೆಗೆ ಶಿಲುಬೆ ಗೀರಿಕೊಳ್ಳುತ್ತಾರೆ.

ಬೊಂದೊ ಬಂದದ್ದು ದ್ರಾಕ್ಷಿ ಕೊಯ್ಲಿನ ವಾರ,
ಉಗುರ ಸಂದಿಯಲ್ಲಿ ಕಪ್ಪು ರಸ,
ಅಂಗೈಯಲ್ಲಿ ಬೆವೆತ ಪೆನ್‌ಡ್ರೈವ್.
"ತ್ಸಿಯಾಲ, ಇದರೊಳಗೆ ನನ್ನ ಮಾನ ಇದೆ."

ಮಾನ ಅಂದರೆ
ಹದಿನೇಳು ವರ್ಷದ ಹಿಂದಿನ ಒಂದು ಪೆನಾಲ್ಟಿ.
ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಪಂದ್ಯ.
ಒದ್ದವನು ಜೆಮಾಲ್, ಹಿಡಿದವನು ಇವನು.
ಗೆರೆಯ ಈಚೆ ಹಿಡಿದೆ ಅಂತ ಇವನು,
ಆಚೆ ಬಿದ್ದು ಹಿಡಿದ ಅಂತ ಅವನು.
ಅವತ್ತಿನಿಂದ ಲೋಟಕ್ಕೆ ಲೋಟ ತಾಗಿಲ್ಲ.
ಔಷಧಿ ಅಂಗಡಿಯ ಹುಡುಗ ಕ್ಯಾಮೆರಾ ಹಿಡಿದಿದ್ದನಂತೆ,
ಈಗ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ.
ಹೆಂಡದಂಗಡಿಯಲ್ಲಿರುವುದು ಹಳೇ ಡಿವಿಡಿ ಪ್ಲೇಯರು,
ಅಲ್ಲೇ ಓಡಬೇಕು. ಎಲ್ಲರೆದುರಿಗೇ ಓಡಬೇಕು.

ಫೈಲು ತೆರೆದೆ. ಚುಕ್ಕೆಯಾದ ಮೇಲೆ ಮೂರಕ್ಷರ,
ನಾನು ಕಂಡರಿಯದ ಬಾಲ.
ಮೊದಲನೆಯದನ್ನು ಇದ್ದ ಹಾಗೇ ಸುಟ್ಟೆ.
ಪ್ಲೇಯರು ಗರಗರ ತಿರುಗಿಸಿ, ಮೂಸಿ, ಉಗುಳಿತು.
ಎರಡನೆಯದಕ್ಕೆ ಆ ಬಾಲ ಕತ್ತರಿಸಿ ಬೇರೆಯದು ಅಂಟಿಸಿದೆ.
ಕತ್ತೆಗೆ ಕುದುರೆಬಾಲ ಕಟ್ಟಿದರೆ ಲಾಯದವನು ಮೋಸಹೋದಾನೆ?
ಪರದೆಯ ಮೇಲೆ ರಷ್ಯನ್ನಿನಲ್ಲಿ ಬೈಗುಳದಂಥ ಒಂದು ಸಾಲು.

ಅತ್ತೆಯ ನೆಲಮಾಳಿಗೆ ನೆನಪಾಯಿತು ಆಗ.
ಗೋಡೆಯುದ್ದಕ್ಕೂ ಜಾಡಿ. ಚೀಟಿಯ ಮೇಲೆ 'ಪ್ಲಮ್ ಹುಳಿ',
ಮುಚ್ಚಳ ತೆಗೆದರೆ ಬೆಳ್ಳುಳ್ಳಿ, ಒಮ್ಮೆ ಮಾವನ ಕಳ್ಳಸಾರಾಯಿ.
ಜಾಡಿ ಬೇರೆ, ಒಳಗಿನದು ಬೇರೆ,
ಚೀಟಿ ಓದಿ ಫಲವಿಲ್ಲ, ಬೆರಳದ್ದಿ ನೆಕ್ಕಬೇಕು.

ಹಾಗೆ ನೆಕ್ಕಿ ನೋಡುವ ಪುಟ್ಟ ಪ್ರೋಗ್ರಾಮು ನನ್ನಲ್ಲೊಂದಿದೆ.
ಚಿತ್ರಕ್ಕೊಂದು ಭಾಷೆ, ಸದ್ದಿಗೆ ಇನ್ನೊಂದು ಅಂದಿತು,
ಎರಡನ್ನೂ ಆಡುವವರು ಈಗ ಯಾರೂ ಇಲ್ಲ.
ಅನುವಾದಕ್ಕೆ ಕೂತೆವು, ಕಂಪ್ಯೂಟರೂ ನಾನೂ.
ನೂರಕ್ಕೆ ಮೂರು.
ನೂರಕ್ಕೆ ಒಂಬತ್ತು.
ಬೆಳಗಿನ ತನಕ ಫ್ಯಾನು ನರಳಿತು,
ಸ್ಟೂಲಿನ ಮೇಲೆ ಬೊಂದೊ, ಕಾವಿಗೆ ಕೂತ ಕೋಳಿ.

ಮೂರನೆಯದು ಓಡಿತು. ಆದರೆ ಸದ್ದು ಮುಂದೆ, ಆಟ ಹಿಂದೆ.
ಕೆಳಗಿನ ಕೇರಿ 'ಗೋಲ್' ಎಂದು ಕೂಗಿ ಮುಗಿಸಿದ ಮೇಲೆ
ಜೆಮಾಲ್ ಚೆಂಡಿನತ್ತ ಹೆಜ್ಜೆ ಎತ್ತಿದ.
"ನೋಡು! ಒದೆಯೋ ಮುಂಚೇನೇ ಕೂಗಿದಾರೆ ಕಳ್ಳರು,
ನಾನವತ್ತೇ ಹೇಳಿರಲಿಲ್ಲವೆ?"

ನಾಲ್ಕನೆಯದನ್ನು ನಾನೇ ಒಯ್ದೆ, ಸೆರಗಿಲ್ಲದವಳು ಕೋಟಿನೊಳಗಿಟ್ಟು.
ಬೆಂಚಿನ ಆ ತುದಿಗೆ ಜೆಮಾಲ್, ಈ ತುದಿಗೆ ಬೊಂದೊ,
ನಡುವೆ ಎರಡು ಕೇರಿ.
ಮಂಜಿನ ಮೈದಾನ ಮೂಡಿತು. ಯಾರದೋ ಹಸು.
ಬೇಲಿಗೊರಗಿ ನಗುವ ಹುಡುಗಿಯರು, ಈಗಿನ ಅಜ್ಜಿಯರು.
ಬಗ್ಗಿ ಷೂ ಕಟ್ಟಿಕೊಳ್ಳುವ ರೆಫರಿ ವಾಲಿಕೊ,
ಹೋದ ಚಳಿಗಾಲ ನಾವೇ ಹೊತ್ತು ಮಣ್ಣುಮಾಡಿದವನು.
ಸೀಟಿ. ಓಟ. ಒದೆತ.
ಬೊಂದೊ ಹಾರಿದ,
ಹಾರಿದವನು ಅಲ್ಲೇ ಗಾಳಿಯಲ್ಲಿ
ಹಸಿರು ಚೌಕ, ಕಂದು ಚೌಕ, ಚೂರುಚೂರು ಚೌಕಗಳಾಗಿ ನಿಂತ.
ಗೆರೆಯಿಲ್ಲ. ಚೆಂಡಿಲ್ಲ. ಪ್ಲೇಯರು ಉಸಿರು ಕಟ್ಟಿತು.

"ಕಂಡಿರಾ!" ಎಂದರು ಇಬ್ಬರೂ, ಒಟ್ಟಿಗೆ.

ಬೈಯುತ್ತಾರೇನೋ ಅಂತ ನಾನು ಬಾಗಿಲು ನೋಡುತ್ತಿದ್ದೆ.
ಜೆಮಾಲ್ ರಿಮೋಟಿಗೆ ಕೈಚಾಚಿದ:
"ಹಿಂದಕ್ಕೆ ಬಿಡು. ಅಲ್ಲಿ, ಅವನು ಷೂ ಕಟ್ಟೋ ಕಡೆ."
ಮತ್ತೆ ಹಾಕಿದರು. ಮತ್ತೂ ಹಾಕಿದರು.
ಪೆನಾಲ್ಟಿಯ ತನಕ ಬಿಡಲೇ ಇಲ್ಲ ಆಮೇಲೆ.

ದುಡ್ಡು ಇನ್ನೂ ಬಂದಿಲ್ಲ.
ಕೆಟ್ಟ ಮೂರು ಡಿಸ್ಕೂ ಹಿತ್ತಲ ಪರ್ಸಿಮನ್ ಮರದಲ್ಲಿ ತೂಗುತ್ತಿವೆ,
ಹಕ್ಕಿ ಹೆದರಲಿ ಅಂತ.
ಎರಡನೆಯದಕ್ಕೆ ಮಾತ್ರ ಅವೂ ಹೆದರುವುದಿಲ್ಲ.