ಪಕ್ಕಕ್ಕೆ

ಮೂರು ತಿಂಗಳಿಂದ ಇಂಚರಳ ಕಾಲು
ನನ್ನ ಪಕ್ಕೆಗೆ ಹಾದಿ ಮಾಡಿಕೊಂಡಿದೆ.
ಅವಳಿಗೆ ಹದಿನಾಲ್ಕು, ಹಸಿರು ಬೆಲ್ಟು.
ನನಗೆ ನಲವತ್ತೊಂದು, ಹಳದಿ,
ಮಂಡ್ಯ-ನಾಗಮಂಗಲ ರೂಟಿನ ಕಂಡಕ್ಟರು.

ಗುತ್ತಲು ರಸ್ತೆಯ ಛತ್ರದ ತಾರಸಿ, ಬೆಳಗಿನ ಆರು.
ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿದು
ನೀರಿನ ಟ್ಯಾಂಕಿಗೆ ಬೆನ್ನು ತಾಗಿದಾಗ
ಜವರೇಶ ಮಾಸ್ತರು: "ಯಾಕಣ್ಣ, ಅಲ್ಲಿ ಸ್ಟಾಪೈತಾ?"

ನಕ್ಕರು ಹುಡುಗರು. ನಾನೂ.

ಆಮೇಲೆ ಹತ್ತಿರ ಬಂದು, ಮೆಲ್ಲಗೆ:
"ಕಾಲು ನೋಡ್ಬ್ಯಾಡಿ. ಭುಜ ನೋಡಿ.
ಕೈಕಾಲು ಸುಳ್ಳೇಳ್ತವೆ."

ಅವತ್ತು ಡ್ಯೂಟಿಯಲ್ಲಿ ಗಮನಿಸಿದೆ:
ಇಳಿಯುವವರ ಭುಜ ಮೊದಲು ಏಳುತ್ತದೆ,
ಬಾಯಿ ಆಮೇಲೆ "ಹೋಲ್ಡಾನ್" ಅನ್ನುತ್ತದೆ.
ತಿರುವಿನಲ್ಲಿ ಕಂಬಿ ಹಿಡಿಯದೆ
ಚಿಲ್ಲರೆ ಎಣಿಸುವಾಗ ನನ್ನ ಮೊಣಕಾಲು
ಬಗ್ಗಿಯೇ ಇತ್ತು, ಹದಿನೇಳು ವರ್ಷದಿಂದ,
ನನಗೇ ಹೇಳದೆ.

ಇವತ್ತು ಅವಳ ಬಲಭುಜ ಕೊಂಚ ಕದಲಿತು.
ಹಿಂದಕ್ಕಲ್ಲ, ಪಕ್ಕಕ್ಕೆ ಸರಿದೆ,
ತುಂಬಿದ ಬಸ್ಸಲ್ಲಿ ಬಸುರಿಗೆ ದಾರಿ ಬಿಡುವಷ್ಟು.
ಅವಳ ಒದೆ ಗಾಳಿಗೆ ಬಿತ್ತು.

ಹೊಡೆಯಬೇಕಿತ್ತು ಆಗ. ಮರೆತೆ.
ಬೆರಗಾಗಿ ನೋಡುತ್ತಾ ನಿಂತೆ.
ಎರಡನೆಯದು ಬಂತು, ಅದೇ ಪಕ್ಕೆಗೆ.

"ಸಾರಿ ಅಂಕಲ್," ಅಂದಳು.
"ಇನ್ನೊಂದ್ ಸಲ," ಅಂದೆ, ಉಸಿರಿಲ್ಲದೆ.