ತಪಾಸಣೆ, ಕೊಬುಲೆತಿ

ಲಿಫ್ಟು ತಪಾಸಣೆಗೆ ಬಂದವಳು ನಾನು.
ತ್ಬಿಲಿಸಿಯಿಂದ ರೈಲು, ಮುಂದೆ ಒಂದು ವ್ಯಾನು.
ನನ್ನ ಮಡಿಲಲ್ಲಿ ಸಲಕರಣೆಯ ಪೆಟ್ಟಿಗೆ,
ಪಕ್ಕದವನ ಮಡಿಲಲ್ಲಿ ಜೀವಂತ ಕೋಳಿ.
ಕೋಳಿ ದಾರಿಯುದ್ದಕ್ಕೂ
ಪೆಟ್ಟಿಗೆಯನ್ನೇ ಅನುಮಾನದಿಂದ ನೋಡಿತು.

ನವೆಂಬರ್. ಕಪ್ಪು ಸಮುದ್ರದ ಈ ಊರಲ್ಲಿ
ಹೋಟೆಲುಗಳೆಲ್ಲ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ
ಮಲಗಿಬಿಟ್ಟಿವೆ.
ಬೇಸಿಗೆಯ ಜನ ಬಿಟ್ಟುಹೋದದ್ದು
ಒಂಟಿ ಚಪ್ಪಲಿ, ಗಾಳಿ ಇಳಿದ ಪ್ಲಾಸ್ಟಿಕ್ ಮೊಸಳೆ.
ಮೂರು ದಿನ, ಆರು ಲಿಫ್ಟು.

ಮೊದಲ ದಿನ
ತಂತಿಹಗ್ಗದ ಎಳೆ ಎಣಿಸಿದೆ, ಬ್ರೇಕು ಹಿಡಿಸಿ ನೋಡಿದೆ,
ಯಾರೂ ಇಲ್ಲದ ಪೆಟ್ಟಿಗೆಯನ್ನು
ಒಂಬತ್ತು ಸಲ ಹತ್ತಿಸಿ ಇಳಿಸಿದೆ.
ಛಾವಣಿಯ ಮೋಟಾರು ಕೋಣೆಗೆ ಅಂಗೈಯಗಲದ ಕಿಟಕಿ.
ಧೂಳನ್ನು ತೋಳಿನಿಂದ ಒರೆಸಿದರೆ
ಅಲ್ಲಿತ್ತು, ಇಡೀ ಸಮುದ್ರ,
ಎಷ್ಟು ಕಾಸು ಕೊಟ್ಟರೂ ಬಾಡಿಗೆಗೆ ಸಿಗದ ಕೋಣೆಯಲ್ಲಿ.
ಗ್ರೀಸಿನ ಕೈಯಲ್ಲೇ ಸೇಬು ತಿಂದೆ.
ವರದಿಯಲ್ಲಿ ಬರೆದೆ:
‘ಮೋಟಾರು ಕೋಣೆಯ ಬೆಳಕು ತೃಪ್ತಿಕರ.’

ಕಾವಲುಗಾರ ಜುಂಬೇರ್ ಮುದುಕ.
ಆರು ಹೋಟೆಲುಗಳ ಬೀಗದಕೈ ಸೊಂಟದಲ್ಲಿ,
ಮಲಗುವುದು ಮಾತ್ರ ಟಿಕೆಟ್ಟಿನ ಗೂಡಲ್ಲಿ.
ಎಲೆಯಿಲ್ಲದ ಮರದಿಂದ ಪರ್ಸಿಮನ್ ಕಿತ್ತುಕೊಟ್ಟು
‘ಈಗ ತಿಂದರೆ ಒಗರು, ನಾಲಿಗೆ ಕಟ್ಟುತ್ತೆ,
ಮೆತ್ತಗಾಗಲಿ’ ಅಂದ.
ಯಾವಾಗ? ಎಂದದ್ದಕ್ಕೆ
‘ಇದೇನು ಲಿಫ್ಟೇ ತಾಯಿ, ಗುಂಡಿ ಒತ್ತಿದರೆ ಬರೋಕೆ?’

ಎರಡನೇ ದಿನ ಮಳೆ. ನಾಜಿಕೋಳ ಅಂಗಡಿಯಲ್ಲಿ
ದೋಣಿಯಂಥ ರೊಟ್ಟಿ, ಒಳಗೆ ಕುದಿವ ಚೀಸು, ಮೊಟ್ಟೆಯ ಹಳದಿ.
ಮೂತಿಯ ಕಡೆಯಿಂದ ಮುರಿದು ಅದ್ದಿ ತಿನ್ನಬೇಕಂತೆ.
ನಾನು ಬಾಲದಿಂದ ತಿಂದೆ.
ಅಂಗಡಿಯ ಬೆಕ್ಕೂ ಮುಖ ತಿರುಗಿಸಿತು.

ಸಂಜೆ ಮಳೆ ನಿಂತಿತು. ಬೂಟು ಕಳಚಿದೆ.
ಇಲ್ಲಿ ಮರಳಿಲ್ಲ, ಬರೀ ಗುಂಡುಕಲ್ಲು.
ಅಲೆ ಹಿಂದೆ ಸರಿದಾಗಲೆಲ್ಲ
ಮೊರದಲ್ಲಿ ಕಾಳು ಕೇರಿದಂತೆ ಸದ್ದು.
ಹಿಮ್ಮಡಿ ಮುಳುಗುವಷ್ಟರಲ್ಲಿ ಫೋನು, ಆಫೀಸಿನ ಒತಾರ್:
‘ಮುಗಿಯಿತಾ?’
ಐದನೆಯದು ಸ್ವಲ್ಪ ತಕರಾರು, ಅಂದೆ.
‘ಏನದು ಸದ್ದು?’
ಮೋಟಾರು.
‘ಬೇರಿಂಗು ಸವೆದಿರಬೇಕು.’
ಹೌದು ಒತಾರ್, ಬಹಳ ಹಳೆಯದು.
‘ನಿಲ್ಲಿಸಿಬಿಡು ಮತ್ತೆ.’
ನೋಡುತ್ತೇನೆ, ಅಂದೆ,
ನೀರು ಮೊಣಕಾಲಿಗೆ ಬಂತು.

ಮೂರನೇ ದಿನ, ಆರನೆಯ ಲಿಫ್ಟಿಗೆ
ಭಾರದ ಪರೀಕ್ಷೆ. ಮರಳುಚೀಲ ಬಂದಿರಲಿಲ್ಲ.
ಜುಂಬೇರನೂ ನಾನೂ ಆಲೂಗಡ್ಡೆ ಚೀಲಗಳಿಗೆ
ದಂಡೆಯ ಕಲ್ಲು ತುಂಬಿದೆವು, ತೂಗಿದೆವು,
ನಾನೂರು ಕಿಲೋ.
ಹುಟ್ಟಿದಾಗಿನಿಂದ ಅಡ್ಡಡ್ಡ ಉರುಳಿದ್ದ ಕಲ್ಲುಗಳು
ಮೊದಲ ಸಲ ಮೇಲಕ್ಕೆ ಹೋದವು,
ಏಳನೇ ಮಹಡಿ, ಬಾಗಿಲು ತೆರೆಯಿತು,
ಯಾರೂ ಇಳಿಯಲಿಲ್ಲ.
‘ಮನೆ ಇಷ್ಟವಾಗಲಿಲ್ಲ ಪಾಪ’ ಅಂದ ಮುದುಕ.
ನಗು ತಡೆಯಲಾಗದೆ ತುರ್ತುಗುಂಡಿಗೇ ಒರಗಿದೆ,
ಊರೆಲ್ಲ ಗಂಟೆ ಬಡಿಯಿತು.

ಕತ್ತಲಾಗುವವರೆಗೆ ಮತ್ತೆ ದಂಡೆಗೆ ಸುರಿದೆವು.
ಒಂದು ಕಲ್ಲು ಕಡಿಮೆ ಇದ್ದಿರಬಹುದು.
ನನ್ನ ಕೋಟಿನ ಜೇಬನ್ನು ಯಾರೂ ತೂಗಲಿಲ್ಲ.

ಖರ್ಚಿನ ಪಟ್ಟಿಯಲ್ಲಿ ಬರೆದದ್ದು
ರೈಲು, ವ್ಯಾನು, ರೊಟ್ಟಿ ಒಂದು.
ವಾಪಸಾಗುವಾಗ ಯಾವ ಸ್ಟೇಷನ್ನಿನಲ್ಲೋ
ಹಣ್ಣು ಮೆತ್ತಗಾಯಿತು, ಹೇಳದೆ ಕೇಳದೆ, ಚೀಲದೊಳಗೇ.
ನಾಲ್ಕನೇ ಪುಟದ ಮೇಲೆ ಕಲೆ.
‘ಗ್ರೀಸಾ?’ ಎಂದ ಒತಾರ್, ಉಗುರಲ್ಲಿ ಕೆರೆದು.
ನೆಕ್ಕಿ ನೋಡು, ಎಂಬ ಮಾತು
ನಾಲಿಗೆಯ ತುದಿಗೆ ಬಂದು
ಅಲ್ಲೇ
ಸಿಹಿಯಾಗಿ ಕೂತಿತು.